ಏಳನೇ ನಂಬರಿನ ಸ್ಟೂಲು

ಗಾಬರಿಗೆ ಹುಟ್ಟಿದಾಗ ಇಟ್ಟ ಹೆಸರು ಅದಲ್ಲ. ದಾಖಲೆಗಳಲ್ಲಿ ಅವನಿಗೆ ಮೂರು ಅಕ್ಷರದ ಒಳ್ಳೆಯ ಹೆಸರೇ ಇತ್ತು. ಆದರೆ ಕಾಲೇಜಿನಲ್ಲಿ ಹಾಜರಿ ಕೂಗುವಾಗ ಆ ಹೆಸರು ಕಿವಿಗೆ ಬಿದ್ದೊಡನೆ ಅವನು ಬೆಂಚಿನಿಂದ ಛಂಗನೆ ಎದ್ದು, "ನಾನಲ್ಲ ಸರ್" ಎಂದುಬಿಡುತ್ತಿದ್ದ. ಹೀಗೆ ಒಂದು ವರ್ಷ ತನ್ನ ಹೆಸರನ್ನು ತಾನೇ ನಿರಾಕರಿಸಿದ ಮೇಲೆ ಜನ ಅವನಿಗೆ ಬೇರೆ ಹೆಸರು ಹುಡುಕಿದ್ದರಲ್ಲಿ ತಪ್ಪೇನಿಲ್ಲ.

ಪದವಿಯ ಕೊನೆಯ ವರ್ಷ ಇಂಟರ್ನ್‌ಶಿಪ್ ಮುಗಿಸಿ ಪತ್ರ ತರಲೇಬೇಕು ಎಂಬ ನಿಯಮವಿತ್ತು. ಗಾಬರಿ ಮೊದಲು ಒಂದು ಬ್ಯಾಂಕಿಗೆ ಹೋದ. ಮೊದಲ ದಿನವೇ ಗಿರಾಕಿಯೊಬ್ಬ ಕೌಂಟರಿಗೆ ಬಂದು ಗಟ್ಟಿಯಾಗಿ, "ಎಲ್ಲಿ, ದುಡ್ಡು ಕೊಡಿ!" ಎಂದ. ಅವನು ತನ್ನದೇ ಖಾತೆಯಿಂದ ತನ್ನದೇ ಹಣ ಕೇಳಿದ್ದ. ಗಾಬರಿ ಎರಡೂ ಕೈ ಮೇಲೆತ್ತಿ ನೆಲಕ್ಕೆ ಮಲಗಿದ. ಅದನ್ನು ನೋಡಿ ಮ್ಯಾನೇಜರೂ ಮಲಗಿದರು. ಎರಡನೆಯ ಸಲ ಕಾರ್ಖಾನೆಗೆ ಹೋದ. ಅಲ್ಲಿ ಊಟದ ಸೈರನ್ ಕೂಗಿದಾಗ ಓಡಲು ಶುರುಮಾಡಿದವನು ಮನೆ ಮುಟ್ಟಿಯೇ ನಿಂತ. ಮೂರನೆಯ ಸಲವೂ ಪತ್ರ ಸಿಗದಿದ್ದರೆ ಪದವಿಯ ಆಸೆ ಬಿಡಬೇಕು ಎಂದು ಕಾಲೇಜು ನೋಟಿಸು ಕೊಟ್ಟಿತು.

ಅದೇ ವರ್ಷ ಪ್ರಾಂಶುಪಾಲರು ಹೊಸ ಯೋಜನೆಯೊಂದನ್ನು ತಂದಿದ್ದರು. ಇಷ್ಟವಿದ್ದ ವಿದ್ಯಾರ್ಥಿಗಳು ಧಾರ್ಮಿಕ ಸಂಸ್ಥೆಗಳಲ್ಲಿ ನಲವತ್ತು ದಿನ ಕೆಲಸ ಮಾಡುವುದು, ಆ ಬದುಕು ತಮಗೆ ಒಗ್ಗುತ್ತದೆಯೇ ಎಂದು ನೋಡಿಕೊಳ್ಳುವುದು. ಹನ್ನೊಂದು ಜನ ಹೆಸರು ಕೊಟ್ಟರು. ಕೆಲವರಿಗೆ ನಿಜವಾಗಿ ದೇವರ ಮೇಲೆ ಪ್ರೀತಿ ಇತ್ತು, ಕೆಲವರಿಗೆ ಅಲ್ಲಿ ಬೆಳಗಿನ ಹಾಜರಿ ಇಲ್ಲ ಎಂದು ಗೊತ್ತಾಗಿತ್ತು. ಊರಿನ ಪ್ರಾರ್ಥನಾ ಮಂದಿರದಲ್ಲಿ ಒಬ್ಬಳಿಗೆ ಪುಸ್ತಕದ ಕೋಣೆ ಸಿಕ್ಕಿತು, ಒಬ್ಬನಿಗೆ ಅಡುಗೆಮನೆ, ಇನ್ನೊಬ್ಬನಿಗೆ ಮಕ್ಕಳಿಗೆ ಹಾಡು ಕಲಿಸುವ ಕೆಲಸ. ಗಾಬರಿ ಅರ್ಜಿ ಕೊಡಲು ಹೆದರಿ ಮೂರು ದಿನ ತಡಮಾಡಿದ್ದರಿಂದ ಉಳಿದದ್ದು ಒಂದೇ: ಭೇಟಿ ವಿಭಾಗ. ಎಂದರೆ, ಡಾಕ್ಟರು ಕೈಚೆಲ್ಲಿದ ರೋಗಿಗಳ ಮನೆಗೆ ಹೋಗಿ ಜೊತೆಯಲ್ಲಿ ಕೂತು ಬರುವುದು.

ಮಂದಿರದ ಮೇಲ್ವಿಚಾರಕಿ ಅವನ ಕೈಗೆ ಒಂದು ಮಡಚುವ ಸ್ಟೂಲು ಕೊಟ್ಟರು. ಮರದ ಕಾಲು, ಕಂದು ಕ್ಯಾನ್ವಾಸಿನ ಕೂರುವ ಬಟ್ಟೆ, ಅದರ ಮೇಲೆ ಬಿಳಿ ಬಣ್ಣದಲ್ಲಿ ಏಳು ಎಂಬ ನಂಬರು.

"ಕಷ್ಟದಲ್ಲಿರೋ ಮನೆಯವರು ನಿನಗೋಸ್ಕರ ಕುರ್ಚಿ ಹುಡುಕಬಾರದು, ರೋಗಿಯ ಮಂಚದ ಮೇಲೂ ಕೂರಬಾರದು. ಅದಕ್ಕೇ ಇದು," ಎಂದರು ಆಕೆ. "ಕೂತ ಮೇಲೆ ಬಾಯಿ ಬಿಡಬೇಡ. ಅವರು ಮಾತಾಡಿದ್ರೆ ಕೇಳು. ಮಾತಾಡದಿದ್ರೆ ಸುಮ್ಮನಿರು. ಸಾಯಂಕಾಲ ಐದೂವರೆಗೆ ಸ್ಟೂಲು ಉಗ್ರಾಣದಲ್ಲಿರಬೇಕು. ಮನೆಗಿನೆಗೆ ಎತ್ಕೊಂಡು ಹೋದ್ಯೋ, ನಿನ್ನ ಪತ್ರ ನಾನು ಹರಿದು ಹಾಕ್ತೀನಿ."

ಬಾಯಿ ಬಿಡಬೇಡ ಎಂಬ ಮಾತು ಕೇಳಿ ಗಾಬರಿಗೆ ಜೀವ ಬಂದಂತಾಯಿತು. ಇಪ್ಪತ್ತೊಂದು ವರ್ಷದ ಬಾಳಿನಲ್ಲಿ ಅವನಿಗೆ ಬರುತ್ತಿದ್ದ ಒಂದೇ ವಿದ್ಯೆಯನ್ನು ಕೇಳುವ ಸಂಸ್ಥೆಯೊಂದು ಕೊನೆಗೂ ಸಿಕ್ಕಿತ್ತು. ಅವನು ಹೋಗಿ ಕೂರುತ್ತಿದ್ದ, ಬಿಳಿಚಿಕೊಂಡಿರುತ್ತಿದ್ದ, ಎದ್ದು ಬರುತ್ತಿದ್ದ. ಮಂದಿರ ನಡೆಸುತ್ತಿದ್ದ ಹಿರಿಯರು ಒಂದು ದಿನ ಅವನ ಭುಜ ತಟ್ಟಿ, "ಇಷ್ಟು ಚೆನ್ನಾಗಿ ಸುಮ್ಮನೆ ಕೂರೋ ಹುಡುಗನ್ನ ನಾನು ನೋಡಿಲ್ಲ," ಎಂದರು. ತಟ್ಟಿದ ಏಟಿಗೆ ಅವನು ಬೆಚ್ಚಿಬಿದ್ದದ್ದನ್ನು ವಿನಯವೆಂದು ತಿಳಿದರು.

ಆ ಸ್ಟೂಲನ್ನು ಊರಿಗೆ ಊರೇ ಬಲ್ಲದು. ಅದು ಯಾವ ಮನೆಯ ಬಾಗಿಲಲ್ಲಿ ಕಂಡರೂ ಅಕ್ಕಪಕ್ಕದವರು ದನಿ ತಗ್ಗಿಸುತ್ತಿದ್ದರು. ಸ್ಟೂಲು ಯಾರನ್ನೂ ಸಾಯಿಸಿರಲಿಲ್ಲ. ಆದರೆ ಅದು ಹೋದ ಮನೆಗಳಲ್ಲಿ ಮುಂದೇನಾಯಿತು ಎಂಬುದನ್ನು ಜನ ಎಣಿಸಿಟ್ಟುಕೊಂಡಿದ್ದರು, ಮೊದಲೇನಾಗಿತ್ತು ಎಂಬುದನ್ನು ಮರೆತಿದ್ದರು.

ಮೂವತ್ತೇಳನೆಯ ದಿನ ಅನಾಹುತವಾಯಿತು. ದೂರದ ಭೇಟಿ ಮುಗಿಸಿ ಗಾಬರಿ ತುಂಬಿದ ಬಸ್ಸು ಹತ್ತಿದ. ಬಸ್ಸಿನಲ್ಲಿ ಅವನು ಯಾವಾಗಲೂ ಒಂಟಿ ಕಾಲಲ್ಲಿ, ಯಾರದೋ ಕಂಕುಳಡಿ ನಿಂತು ಪ್ರಯಾಣ ಮಾಡುವವನು. ಅಂದು ಕಂಕುಳಲ್ಲಿ ಸ್ಟೂಲಿತ್ತು. ಜನ ಎರಡು ಪಾಲಾಗಿ ದಾರಿ ಬಿಟ್ಟರು. ದಪ್ಪ ಮನುಷ್ಯನೊಬ್ಬ ಉಸಿರು ಹಿಡಿದು ತೆಳ್ಳಗಾದ. ಕಿಟಕಿ ಪಕ್ಕ ಕೂತಿದ್ದ ಮುದುಕರೊಬ್ಬರು ಎದ್ದು, "ಕೂತ್ಕೊಳ್ಳಪ್ಪಾ. ನಾನು ಗಟ್ಟಿಮುಟ್ಟಾಗಿದೀನಿ, ಬೇಕಾದ್ರೆ ನೋಡು," ಎಂದು ಎರಡು ಸಲ ಕುಳಿತೆದ್ದು ತೋರಿಸಿದರು.

ಗಾಬರಿ ಜೀವನದಲ್ಲಿ ಮೊದಲ ಸಲ ಕಿಟಕಿ ಪಕ್ಕ ಕೂತ. ಗಾಳಿ ಮುಖಕ್ಕೆ ಹೊಡೆಯಿತು. ಮನುಷ್ಯನಿಗೆ ಗಾಳಿ ತಾಗಿದಾಗಲೇ ಇಲ್ಲದ ಯೋಚನೆಗಳು ಬರುವುದು. ಮಂದಿರದ ಸ್ಟಾಪು ಬಂತು. ಅವನು ಇಳಿಯಲಿಲ್ಲ. ತನ್ನನ್ನು ಕೈಲಾಗದವನು ಎಂದು ಹಂಗಿಸುತ್ತಿದ್ದ ಸೋದರಮಾವ ಅಂದು ಮನೆಗೆ ಬಂದಿದ್ದರು. ಮಾವ ಒಮ್ಮೆ, ಒಂದೇ ಒಂದು ಸಲ, ಈ ಗೌರವವನ್ನು ನೋಡಲಿ ಎಂದು ಅವನಿಗೆ ಅನ್ನಿಸಿತು.

ಮನೆ ಮೂರನೆಯ ಮಹಡಿಯಲ್ಲಿತ್ತು. ಮೆಟ್ಟಿಲು ಮುಗಿದಲ್ಲಿ ಎದುರುಬದುರು ಎರಡು ಬಾಗಿಲು. ಅಮ್ಮ ಬಾಗಿಲು ತೆರೆದವಳು ಎರಡು ಹೆಜ್ಜೆ ಹಿಂದೆ ಸರಿದಳು.

"ಅದನ್ನ ಯಾಕೋ ಇಲ್ಲಿಗೆ ತಂದೆ?"

"ಅಮ್ಮಾ, ಬಸ್ಸಲ್ಲಿ ಸೀಟು ಸಿಕ್ತು."

"ಸೀಟು ಸಿಕ್ಕಿದ್ರೆ ಸ್ಟೂಲು ಮನೆಗೆ ತರ್ತಾರೇನೋ? ನಿಮ್ಮ ಮಾವ ಬೆಳಗ್ಗಿಂದ ಎದೆ ಉರಿ ಅಂತಿದಾನೆ!"

ಒಳಗಿನಿಂದ ಮಾವನ ದನಿ ಕೇಳಿತು: "ಅಕ್ಕಾ, ನನ್ನ ಎದೆ ಉರಿ ಹೋಯ್ತು! ಈಗ ತಾನೇ ಹೋಯ್ತು! ಅವನಿಗೆ ಹೇಳು!"

"ಹೋಗು, ಎಲ್ಲಿಂದ ತಂದ್ಯೋ ಅಲ್ಲೇ ಇಟ್ಟು ಬಾ," ಎಂದು ಅಮ್ಮ ಬಾಗಿಲು ಹಾಕಿಕೊಂಡಳು.

ಆರು ಗಂಟೆಯಾಗಿತ್ತು. ಉಗ್ರಾಣಕ್ಕೆ ಬೀಗ ಬಿದ್ದಿರುತ್ತದೆ. ಮೆಟ್ಟಿಲ ಮೇಲೆ ಸ್ಟೂಲು ಬಿಟ್ಟರೆ ಯಾರಾದರೂ ಎತ್ತಿಕೊಂಡು ಹೋಗಬಹುದು, ಆಗ ಪತ್ರವೂ ಹೋಯಿತು, ಪದವಿಯೂ ಹೋಯಿತು. ಅಮ್ಮನ ಮನಸ್ಸು ಕರಗುವವರೆಗೆ ಇಲ್ಲೇ ಕಾಯೋಣ ಎಂದುಕೊಂಡ. ಮಹಡಿಯಲ್ಲಿ ಎರಡು ಬಲ್ಬುಗಳಿದ್ದವು. ಗಾಬರಿಯ ಮನೆ ಕಡೆಯದು ಕೆಟ್ಟು ತಿಂಗಳಾಗಿತ್ತು, ಕತ್ತಲೆಂದರೆ ಗಾಬರಿಗೆ ಆಗದು. ಹಾಗಾಗಿ ಅವನು ಬೆಳಕಿರುವ ಕಡೆ, ಎಂದರೆ ಎದುರು ಮನೆಯ ಬಾಗಿಲ ಮುಂದೆ, ಸ್ಟೂಲು ಬಿಡಿಸಿ ಕೂತ.

ಎದುರು ಮನೆಯಲ್ಲಿದ್ದವರು ತೂಕ ಮತ್ತು ಅಳತೆ ಇಲಾಖೆಯ ನಿವೃತ್ತ ಇನ್ಸ್‌ಪೆಕ್ಟರು. ಅಂಗಡಿಗಳ ತಕ್ಕಡಿ ಸರಿಯಿದೆಯೇ ಎಂದು ನೋಡಿ ಮುದ್ರೆ ಒತ್ತುವ ಕೆಲಸವನ್ನು ಮೂವತ್ತೈದು ವರ್ಷ ಮಾಡಿದವರು. ಎಲ್ಲರೂ ತಕ್ಕಡಿ ಸಾಹೇಬರು ಎನ್ನುತ್ತಿದ್ದರು. ಅವರು ಆ ವಾರವೇ ರಕ್ತ ಪರೀಕ್ಷೆ ಮಾಡಿಸಿದ್ದರು. ಕಸದ ಬಕೆಟ್ಟು ಹೊರಗಿಡಲು ಬಾಗಿಲು ತೆರೆದರು.

ಬಲ್ಬಿನ ಕೆಳಗೆ ಸ್ಟೂಲು. ಸ್ಟೂಲಿನ ಮೇಲೆ ಬಿಳಿಚಿದ ಮುಖದ ಹುಡುಗ. ಅವರನ್ನೇ ನೋಡುತ್ತಿದ್ದ.

ಬಕೆಟ್ಟು ಕೈಯಿಂದ ಜಾರಿ ಮೂರೂ ಮಹಡಿ ಉರುಳಿಕೊಂಡು ಹೋಯಿತು. ಅದರ ಸದ್ದು ಮುಗಿಯುವವರೆಗೆ ಇಬ್ಬರೂ ಅಲ್ಲಾಡಲಿಲ್ಲ.

"ಯಾರಿಗೆ?" ಎಂದರು ಸಾಹೇಬರು ಕೊನೆಗೆ.

ಗಾಬರಿ ಬಾಯಿ ತೆರೆದ.

"ಬೇಡ! ಹೇಳಬೇಡ. ಕೇಳೋ ಧೈರ್ಯ ಇಲ್ಲ." ಬಾಗಿಲ ಚೌಕಟ್ಟು ಹಿಡಿದುಕೊಂಡರು. "ನನಗೇ ತಾನೇ? ಈ ಮನೇಲಿ ಇರೋದು ಇಬ್ಬರು. ಅವಳು ನಿನ್ನೆ ತಾನೇ ಒಬ್ಬಳೇ ಬೀರು ಜರುಗಿಸಿದಳು. ನನಗೇ ಇರಬೇಕು."

ಗಾಬರಿ ಇಲ್ಲ ಎಂದು ತಲೆಯಾಡಿಸಲು ಹೋದ. ಅವನ ಕುತ್ತಿಗೆ ಗಾಬರಿಯಾದಾಗ ಹೇಳಿದ ಮಾತು ಕೇಳುವುದಿಲ್ಲ. ಅದು ಮೇಲೆ ಕೆಳಗೆ ಆಡಿತು.

"ಲೇ, ಬಾರೇ ಇಲ್ಲಿ!"

"ಏನ್ರೀ ಅದು ಸದ್ದು, ಬಕೆಟ್ಟು ಬಿತ್ತಾ?" ಎನ್ನುತ್ತ ಬಂದ ಅವರ ಹೆಂಡತಿ ಸ್ಟೂಲು ನೋಡಿ ಗೋಡೆಗೆ ಒರಗಿದರು.

"ನಿನಗೆ ಗೊತ್ತಿತ್ತಾ?"

"ನನಗೇನ್ರೀ ಗೊತ್ತು? ಎಲ್ಲಾ ಸರಿಯಾಗಿದೆ ಅಂದ್ರಲ್ಲ ಡಾಕ್ಟರು."

"ನನ್ನೆದುರಿಗೆ ಅಂದ್ರು. ಆಮೇಲೆ ನಿನ್ನೊಬ್ಬಳನ್ನೇ ಕರೆದು ಏನೋ ಹೇಳಿದ್ರಲ್ಲ, ಅದೇನು?"

ಆಕೆ ಸ್ವಲ್ಪ ತಡವರಿಸಿದರು. "ಬಿಸ್ಕತ್ತಿನ ಡಬ್ಬಿ ಎತ್ತಿಡಿ ಅಂದ್ರು."

"ನೋಡಿದ್ಯಾ! ಬಿಸ್ಕತ್ತು ಯಾರಿಗಾದ್ರೂ ಸುಮ್ಮಸುಮ್ಮನೆ ಬೇಡ ಅಂತಾರಾ?"

ಗಾಬರಿಯನ್ನು ಒಳಗೆ ಕರೆದೊಯ್ದರು. ಸ್ಟೂಲನ್ನು ನಡುಮನೆಯಲ್ಲಿ, ಸೋಫಾದ ಎದುರಿಗೆ, ಅವರೇ ಬಿಡಿಸಿಟ್ಟರು. ಕೂತ ಮೇಲೆ ಬಾಯಿ ಬಿಡಬಾರದು ಎಂಬ ನಿಯಮ ಅವನಿಗೆ ಆಗ ನೆನಪಾದದ್ದು ದುರದೃಷ್ಟ. ಇಲ್ಲದಿದ್ದರೂ ಬಿಡುತ್ತಿರಲಿಲ್ಲ, ಅದು ಬೇರೆ ಮಾತು.

ಸಾಹೇಬರು ಡಾಕ್ಟರಿಗೆ ಫೋನು ಮಾಡಿದರು. "ಡಾಕ್ಟ್ರೇ, ನಮ್ಮನೆಗೆ ಸ್ಟೂಲು ಬಂದಿದೆ."

ಡಾಕ್ಟರು ಪಾಪ, ಒಳ್ಳೆಯವರು. ತಮ್ಮ ರೋಗಿ ಚೆನ್ನಾಗಿದ್ದಾನೆ ಎಂದು ಬರೆದು ಸಹಿ ಹಾಕಿದ ಮೂರನೆಯ ದಿನ ಸ್ಟೂಲು ಬಂದಿದೆ ಎಂದರೆ ತಾವು ಏನನ್ನೋ ನೋಡದೆ ಬಿಟ್ಟಿರಬೇಕು.

"ಎಷ್ಟನೇ ನಂಬರು?" ಎಂದರು, ಏನಾದರೂ ಕೇಳಬೇಕಲ್ಲ ಎಂದು.

"ಏಳು."

"ಏಳಾ? ತಡೀರಿ, ನಾನೇ ಬರ್ತೀನಿ."

ಹನ್ನೊಂದು ವರ್ಷದಿಂದ ಯಾರ ಮನೆಗೂ ಹೋಗದ ಡಾಕ್ಟರು ಇಪ್ಪತ್ತು ನಿಮಿಷದಲ್ಲಿ ಎರಡು ಚೀಲ ಹಿಡಿದು ಮೂರು ಮಹಡಿ ಹತ್ತಿ ಬಂದರು. ಆ ಬರುವಿಕೆಯನ್ನು ನೋಡಿದ ಮೇಲೆ ಸಾಹೇಬರಿಗೆ ಉಳಿದಿದ್ದ ಅರೆಪಾವು ಅನುಮಾನವೂ ಹೋಯಿತು. ಡಾಕ್ಟರು ನಾಡಿ ಹಿಡಿದರು, ಕಣ್ಣರೆಪ್ಪೆ ಎತ್ತಿದರು, ಬೆನ್ನು ತಟ್ಟಿದರು. ಎಲ್ಲವೂ ಸರಿಯಾಗಿತ್ತು. ಅದರಿಂದ ಅವರಿಗೆ ಇನ್ನಷ್ಟು ಭಯವಾಯಿತು.

"ಹಿರಿಯರು ನಿನಗೆ ಏನಾದ್ರೂ ಹೇಳಿ ಕಳಿಸಿದ್ರಾ?" ಎಂದು ಗಾಬರಿಯ ಕಿವಿಯಲ್ಲಿ ಪಿಸುಗುಟ್ಟಿದರು.

ಗಾಬರಿ ಎಂಜಲು ನುಂಗಿದ.

"ಅರ್ಥ ಆಯ್ತು," ಎಂದು ಡಾಕ್ಟರು ನಾಲ್ಕು ಹೊಸ ಪರೀಕ್ಷೆ ಬರೆದುಕೊಟ್ಟರು.

ಸಾಹೇಬರು ಸ್ಟೂಲಿನೆದುರು ಕೂತು ಮಾತಾಡತೊಡಗಿದರು. ಒಂದು ಗಂಟೆ ಮಾತಾಡಿದರು. ನಡುವೆ ಗಾಬರಿಯ ಮಣಿಕಟ್ಟು ಹಿಡಿದುಕೊಂಡು, "ಸಾಯೋಕೆ ನನಗೆ ಹೆದರಿಕೆ ಇಲ್ಲ ಅಂತ ಮನೇಲಿ ಹೇಳ್ತಾ ಬಂದಿದೀನಿ. ಸುಳ್ಳಪ್ಪಾ. ದಿನಾ ಬೆಳಗ್ಗೆ ಎದ್ದಾಗ ಮೊದಲು ಕೈಕಾಲು ಆಡಿಸಿ ನೋಡ್ಕೋತೀನಿ," ಎಂದರು. ಅಡುಗೆಮನೆಯಿಂದ ಕಾಫಿ ಹಿಡಿದು ಬಂದ ಹೆಂಡತಿಯ ಕಿವಿಗೆ ಅದೊಂದೇ ಮಾತು ಬಿತ್ತು, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಹೋದರು.

ಆಮೇಲೆ ಕೆಳಗಿನ ದಿನಸಿ ಅಂಗಡಿಯವರನ್ನು ಕರೆಸಿದರು. ಅಂಗಡಿಯವರು ಬಾಗಿಲಲ್ಲೇ ಚಪ್ಪಲಿಯನ್ನೂ ಧೈರ್ಯವನ್ನೂ ಬಿಟ್ಟು ಬಂದರು.

"ನಿಮ್ಮ ಹತ್ರ ಒಂದು ತಪ್ಪು ಒಪ್ಕೋಬೇಕು," ಎಂದರು ಸಾಹೇಬರು. "ಹದಿನಾಲ್ಕು ವರ್ಷ ನಿಮ್ಮ ತಕ್ಕಡಿ ಮುಟ್ಟಿ ನೋಡದೆ ಬಾಗಿಲಲ್ಲೇ ನಿಂತು ಮುದ್ರೆ ಒತ್ತಿದ ಚೀಟಿ ಕಳಿಸಿದೆ."

"ಯಾಕೆ ಸಾಹೇಬ್ರೇ?"

"ನಿಮ್ಮ ನಾಯಿ ಕಂಡ್ರೆ ಭಯ."

ಅಂಗಡಿಯವರು ಸ್ಟೂಲು ನೋಡಿದರು, ಸಾಹೇಬರನ್ನು ನೋಡಿದರು. ಸಾಯುವವರ ಮುಂದೆ ಸುಳ್ಳು ಹೇಳಿದರೆ ತಮಗೇನಾಗುತ್ತದೋ ಎಂದು ಬೆವರಿದರು. "ಸಾಹೇಬ್ರೇ, ಆ ನಾಯಿ ಸಾಕಿದ್ದೇ ನಿಮಗೋಸ್ಕರ," ಎಂದುಬಿಟ್ಟರು. "ಅದು ಯಾರನ್ನೂ ಕಚ್ಚಲಿಲ್ಲ. ಅದಕ್ಕೆ ಹಲ್ಲೇ ಇರಲಿಲ್ಲ."

ಅಷ್ಟರಲ್ಲಿ ಅಮ್ಮ ಮತ್ತು ಮಾವ ಸದ್ದು ಕೇಳಿ ಬಂದರು. ನಡುಮನೆ ತುಂಬಾ ಜನ, ನಡುವೆ ತನ್ನ ಸೋದರಳಿಯ, ಅವನ ಮುಂದೆ ಡಾಕ್ಟರೂ ಕೈಕಟ್ಟಿ ನಿಂತಿದ್ದಾರೆ. ಮಾವನ ಎದೆ ಉಬ್ಬಿತು. ಮೈಯೆಲ್ಲ ನಡುಗುತ್ತಿದ್ದರೂ ಬಾಯಿ ಮಾತ್ರ ನಿಲ್ಲಲಿಲ್ಲ.

"ನಮ್ಮ ಹುಡುಗ ಅಂದ್ರೆ ಏನಂದ್ಕೊಂಡ್ರಿ? ರಿಪೋರ್ಟು ಬರೋಕೆ ಮುಂಚೆ ಇವನಿಗೆ ಗೊತ್ತಾಗುತ್ತೆ. ಸುಮ್ಮನೆ ಹೋಗಿ ಆ ಬಾಗಿಲ ಮುಂದೆ ಕೂತ್ಕೋತಾನೆ, ಅಷ್ಟೇ. ಯಾಕೆ, ಏನು, ಕೇಳಬಾರದು."

ಯಾರೂ ಕೇಳಲಿಲ್ಲ. ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು.

ಅಮ್ಮ ಮಗನ ಕಿವಿ ಹಿಡಿದು ಮನೆಗೆ ಎಳೆದುಕೊಂಡು ಹೋದಳು. "ನಿನ್ನ ಯಾರೋ ಅಲ್ಲಿಗೆ ಕಳಿಸಿದ್ದು?"

"ಯಾರೂ ಇಲ್ಲಮ್ಮ. ಅಲ್ಲಿ ಬಲ್ಬ್ ಇತ್ತು."

ಅಮ್ಮ ಕುರ್ಚಿಯ ಮೇಲೆ ಕುಸಿದಳು. "ಅಯ್ಯೋ, ಹೋಗಿ ಹೇಳೋ ಅವರಿಗೆ!"

"ನೀನೇ ಹೇಳಮ್ಮ."

"ನಾನಾ? ಆ ಮನುಷ್ಯ ಅಂಗಡಿಯವನ ಮುಂದೆ ತಪ್ಪು ಒಪ್ಕೊಂಡಾಯ್ತು. ಈಗ ಹೋಗಿ ಬಲ್ಬಿಗೋಸ್ಕರ ಅಂದ್ರೆ ನನ್ನ ಸುಮ್ಮನೆ ಬಿಡ್ತಾರಾ? ನಿಮ್ಮ ಮಾವ ಹೇಳ್ಲಿ."

ಮಾವನ ಎದೆ ಉರಿ ಆಗಲೇ ತಿರುಗಿ ಬಂದಿತ್ತು. ಹೀಗೆ ಒಬ್ಬರನ್ನೊಬ್ಬರು ನೋಡಿಕೊಂಡು ಮೂವರೂ ಸುಮ್ಮನಾದರು. ನಿಜ ಹೇಳಲು ಒಂದು ನಿಮಿಷ ತಡವಾದರೆ ಅದರ ಭಾರ ಎಷ್ಟು ಏರುತ್ತದೆ ಎಂಬುದಕ್ಕೆ ಇಲಾಖೆ ಇನ್ನೂ ಅಳತೆ ನಿಗದಿ ಮಾಡಿಲ್ಲ.

ಬೆಳಗಾಗುವಷ್ಟರಲ್ಲಿ ಮಾವನ ಮಾತು ಬೀದಿಗೆ ಇಳಿದಿತ್ತು. ಗಾಬರಿ ಸ್ಟೂಲು ಹಿಡಿದು ಮೆಟ್ಟಿಲಿಳಿದಂತೆ ಎರಡನೆಯ ಮಹಡಿಯ ಚಿಲಕಗಳು ಬಿದ್ದವು, ಆಮೇಲೆ ಮೊದಲನೆಯದರವು. ದಿನಸಿ ಅಂಗಡಿಯ ಮುಂದೆ ಜನ ಮನೆಯಿಂದ ತಕ್ಕಡಿ ತಂದು ಬೇಳೆ ತೂಗಿಸುತ್ತಿದ್ದರು. ಅವನನ್ನು ಕಂಡೊಡನೆ ಬೇಳೆ ಬಿಟ್ಟು ಚದುರಿದರು. ಚಪ್ಪಲಿ ಹೊಲಿಯುವವನ ಮುಂದೆ ಅವನು ಸ್ಟೂಲಿನ ಭಾರಕ್ಕೆ ಕೈ ಬದಲಿಸಲು ಒಂದು ಕ್ಷಣ ನಿಂತ. "ನಿಲ್ಲಬೇಡಿ ಸ್ವಾಮಿ, ನಡೀರಿ, ನಡೀತಾ ಇರಿ!" ಎಂದು ಹೊಲಿಯುವವನು ಎರಡೂ ಕೈ ಮುಗಿದ.

ಇವರೆಲ್ಲ ತನ್ನನ್ನು ಕಂಡು ಏಕೆ ಓಡುತ್ತಿದ್ದಾರೆ ಎಂದು ತಿಳಿಯದೆ ಗಾಬರಿ ಹಿಂದಕ್ಕೆ ತಿರುಗಿ ತಿರುಗಿ ನೋಡಿದ. ತನ್ನ ಬೆನ್ನ ಹಿಂದೆ ಇನ್ನೇನೋ ಬರುತ್ತಿರಬೇಕು ಎಂದುಕೊಂಡು ತಾನೂ ಓಡತೊಡಗಿದ. ಸ್ಟೂಲು ಓಡಿ ಬರುತ್ತಿರುವುದನ್ನು ಊರು ಆವರೆಗೆ ಕಂಡಿರಲಿಲ್ಲ.

ಕಾಲೇಜಿನಿಂದ ಕರೆ ಬಂತು. ಸ್ಟೂಲು ಕಾಣೆಯಾದದ್ದನ್ನು ಮೇಲ್ವಿಚಾರಕಿ ಪ್ರಾಂಶುಪಾಲರಿಗೆ ದೂರಿದ್ದರು. ಅವನು ಓಡಿದ ಉಸಿರಿನಲ್ಲೇ ಅವರ ಕೋಣೆಗೆ ಹೋದ.

"ಕೂತ್ಕೋ," ಎಂದರು ಪ್ರಾಂಶುಪಾಲರು ಕಾಗದದಿಂದ ತಲೆಯೆತ್ತದೆ.

ಎಲ್ಲ ಕುರ್ಚಿಗಳ ಮೇಲೂ ಕಡತಗಳಿದ್ದವು. ಗಾಬರಿ ಸ್ಟೂಲು ಬಿಡಿಸಿದ. ಟಪ್ ಎಂದಿತು. ಪ್ರಾಂಶುಪಾಲರು ತಲೆಯೆತ್ತಿದರು.

"ನಾನು ಕೂತ್ಕೋ ಅಂದಿದ್ದು ಅದರ ಮೇಲಲ್ಲ."

ಗಾಬರಿ ಆಗಲೇ ಕೂತಾಗಿತ್ತು. ಕೂತ ಮೇಲೆ ಮಾತಿಲ್ಲ.

"ಯಾರು ಕಳಿಸಿದ್ದು ನಿನ್ನ?" ದನಿ ಸಣ್ಣಗಾಗಿತ್ತು. "ನಾನು ನಿನ್ನ ಮಂದಿರಕ್ಕೆ ಕಳಿಸಿದ್ದಪ್ಪಾ, ಇಲ್ಲಿಗಲ್ಲ. ನೋಡು, ಎಡಗೈ ಸ್ವಲ್ಪ ಜೋಮು ಹಿಡಿದಿತ್ತು, ನಿಜ. ಅದರ ಮೇಲೆ ತಲೆ ಇಟ್ಟು ಮಲಗಿದ್ದೆ, ಅದಕ್ಕೇ ಇರಬೇಕು. ಅಲ್ವಾ? ಅದಕ್ಕೇ ತಾನೇ?"

ಗಾಬರಿ ಬಾಗಿಲ ಕಡೆ ನೋಡಿದ.

"ಆಯ್ತು, ಒಪ್ಕೋತೀನಿ. ಈ ಯೋಜನೆ ತಂದಿದ್ದು ಮಕ್ಕಳಿಗೆ ದಾರಿಗೀರಿ ಸಿಗಲಿ ಅಂತಲ್ಲ. ಪಕ್ಕದ ಕಾಲೇಜು ಮಾಡಿರಲಿಲ್ಲ, ಅದಕ್ಕೆ. ಸಾಕಾ? ಎದ್ದೇಳು ಮಾರಾಯಾ!"

ಗಾಬರಿ ಎದ್ದ. ಪ್ರಾಂಶುಪಾಲರು ಆಗಲೇ ರಜೆಯ ಅರ್ಜಿ ಬರೆಯುತ್ತಿದ್ದರು.

ಮಂದಿರದ ಗೇಟಿನಲ್ಲಿ ಇಣುಕಿ ನೋಡಿದರೆ ಕಚೇರಿಯ ಕೋಣೆಯಲ್ಲಿ ತಕ್ಕಡಿ ಸಾಹೇಬರು, ಅವರ ಹೆಂಡತಿ, ಡಾಕ್ಟರು, ಅಂಗಡಿಯವರು ಎಲ್ಲರೂ ಇದ್ದರು. ಗಾಬರಿಯ ಕಾಲು ಹಿಂದಕ್ಕೆ ತಿರುಗಿತು. ಆದರೆ ಮೇಲ್ವಿಚಾರಕಿ ಆಗಲೇ ಅವನನ್ನು ಕಂಡಿದ್ದರು. "ಬಾ ಒಳಗೆ," ಎಂದರು. ಆ ದನಿಗೆ ಓಡುವ ಕಾಲುಗಳೂ ಒಳಗೇ ಬರುತ್ತಿದ್ದವು.

ಹಿರಿಯರು ಮೇಜಿನ ಹಿಂದೆ ಕೂತಿದ್ದರು. ಸಾಹೇಬರು ಕೈಮುಗಿದು ನಿಂತು, "ಎಷ್ಟು ದಿನ ಅಂತ ಹೇಳಿಬಿಡಿ. ಕಾಯೋದಕ್ಕಾಗಲ್ಲ," ಎನ್ನುತ್ತಿದ್ದರು.

ಮೇಲ್ವಿಚಾರಕಿ ಭೇಟಿಯ ಪಟ್ಟಿ ತೆಗೆದು ಮೇಲಿನಿಂದ ಕೆಳಗೆ ಬೆರಳಾಡಿಸಿದರು. "ನಿಮ್ಮ ಹೆಸರು ಇದರಲ್ಲಿ ಇಲ್ಲ."

"ಇಲ್ವಾ? ಸರಿಯಾಗಿ ನೋಡಿ."

"ಇಲ್ಲ. ನಾವು ಯಾರನ್ನೂ ನಿಮ್ಮನೆಗೆ ಕಳಿಸಿಲ್ಲ. ಈ ಹುಡುಗ ನಿಯಮ ಮುರಿದು ಸ್ಟೂಲು ಹೊತ್ಕೊಂಡು ಹೋಗಿದಾನೆ."

"ಹಾಗಾದ್ರೆ... ನಾನು ಸಾಯಲ್ವಾ?"

"ಸಾಯ್ತೀರಿ. ಎಲ್ಲರೂ ಸಾಯ್ತಾರೆ. ಈ ತಿಂಗಳ ಪಟ್ಟೀಲಿಲ್ಲ, ಅಷ್ಟೇ."

ಡಾಕ್ಟರು ಮೇಜಿನ ಮೇಲಿದ್ದ ಹಿರಿಯರ ನೀರಿನ ಲೋಟ ಎತ್ತಿ ಗಟಗಟನೆ ಕುಡಿದರು. ಅಂಗಡಿಯವರು, "ಅಯ್ಯೋ, ಸುಮ್ಮಸುಮ್ಮನೆ ನಾಯಿ ವಿಷಯ ಹೇಳಿಬಿಟ್ಟೆನಲ್ಲ!" ಎಂದು ಹಣೆ ಚಚ್ಚಿಕೊಂಡರು. ಸಾಹೇಬರ ಹೆಂಡತಿ ಗಂಡನ ತೋಳಿಗೆ ಒಂದು ಏಟು ಕೊಟ್ಟು, ಆಮೇಲೆ ಅದೇ ತೋಳು ಹಿಡಿದು ಅತ್ತರು.

"ಇವನಿಗೆ ಪತ್ರ ಇಲ್ಲ," ಎಂದು ಮೇಲ್ವಿಚಾರಕಿ ಗಾಬರಿಯ ಕಡೆ ತಿರುಗಿದರು. "ಒಂದು ಬೀದಿಗೆ ಬೀದಿಯನ್ನೇ ಹೆದರಿಸಿದಾನೆ."

ಗಾಬರಿಗೆ ಕಣ್ಣು ಮಂಜಾಯಿತು. ಬ್ಯಾಂಕಾಯಿತು, ಕಾರ್ಖಾನೆಯಾಯಿತು, ಇದೂ ಆಯಿತು. ಅಮ್ಮನಿಗೆ ಹೇಗೆ ಹೇಳುವುದು?

"ತಡೀರಿ," ಎಂದರು ತಕ್ಕಡಿ ಸಾಹೇಬರು. ಸ್ವಲ್ಪ ಹೊತ್ತು ತಮ್ಮ ಚಪ್ಪಲಿ ನೋಡಿಕೊಂಡರು. "ಅವನಿಗೆ ಪತ್ರ ಕೊಡಿ. ಮತ್ತೆ... ವಾರಕ್ಕೊಂದು ದಿನ ನಮ್ಮನೆಗೆ ಕಳಿಸಿ."

"ಯಾಕೆ? ನಿಮಗೆ ಕಾಯಿಲೆ ಇಲ್ಲವಲ್ಲ?"

"ಯಾವ ಕಾಯಿಲೆ ಬೇಕು ಹೇಳಿ, ಡಾಕ್ಟರು ಇಲ್ಲೇ ಇದಾರೆ. ಅರವತ್ತೆಂಟು ವರ್ಷದಲ್ಲಿ ನಿನ್ನೆ ಒಂದು ಗಂಟೆ ನಾನು ಮಾತಾಡಿದೆ, ಯಾರೂ ನಡುವೆ ಬಾಯಿ ಹಾಕಲಿಲ್ಲ. ಈ ಹುಡುಗ ರೆಪ್ಪೆ ಸೈತ ಬಡಿಯದೆ ಕೇಳಿದ."

ಹಿರಿಯರು ಗಾಬರಿಯನ್ನು ನೋಡಿದರು. "ಅವರು ಹೇಳಿದ್ರಲ್ಲಿ ನಿನ್ನ ಮನಸ್ಸಿಗೆ ತಾಗಿದ ಮಾತು ಯಾವುದಪ್ಪಾ?"

ಒಂದು ಮಾತು ಹೇಳಿದರೆ ಸಾಕಿತ್ತು. ಗಾಬರಿ ಹುಡುಕಿದ. ತಲೆಯೊಳಗೆ ಏನೂ ಇರಲಿಲ್ಲ. ಸುಳ್ಳು ಹೇಳಲಿಕ್ಕೂ ಅರ್ಧದಷ್ಟಾದರೂ ಗೊತ್ತಿರಬೇಕು.

"ನಾನು ಕೇಳಲಿಲ್ಲ," ಎಂದ. ಆ ದನಿ ತನ್ನದೇ ಎಂದು ತಿಳಿಯಲು ಅವನಿಗೆ ಒಂದು ಕ್ಷಣ ಬೇಕಾಯಿತು. "ಭಯಕ್ಕೆ ಕಿವಿ ಮುಚ್ಚಿಹೋಗಿತ್ತು. ಬಾಗಿಲು ಎಲ್ಲಿದೆ, ಎಷ್ಟು ಹೆಜ್ಜೆ ಅಂತ ನೋಡ್ತಾ ಇದ್ದೆ."

ಸಾಹೇಬರ ಮುಖ ಬಾಡಿತು. "ಒಂದು ಮಾತೂ ಕೇಳಲಿಲ್ವಾ?"

"ಉಳಿದ ಮನೆಗಳಲ್ಲಿ?" ಎಂದರು ಹಿರಿಯರು ನಿಧಾನವಾಗಿ.

ಗಾಬರಿ ತಲೆ ತಗ್ಗಿಸಿದ. "ಎಲ್ಲಾ ಕಡೆ ಬಾಗಿಲೇ ನೋಡ್ತಿದ್ದೆ. ಒಬ್ಬ ಅಜ್ಜಿ ಮಾತ್ರ ಕೈ ಹಿಡ್ಕೊಂಡುಬಿಟ್ರು. ಅವತ್ತು ನೋಡೋಕಾಗಲಿಲ್ಲ."

ಮೇಲ್ವಿಚಾರಕಿ ಪೆನ್ನಿನ ಮುಚ್ಚಳ ತೆಗೆದು ನಿರಾಕರಣೆ ಬರೆಯಲು ಕಾಗದ ಎಳೆದುಕೊಂಡರು. ಹಿರಿಯರು ಆ ಕಾಗದದ ಮೇಲೆ ಕೈ ಇಟ್ಟರು.

"ಈ ಕೋಣೆಗೆ ಎರಡು ಬಾಗಿಲಿದೆ. ಎರಡನ್ನೂ ಪೂರ್ತಿ ತೆಗೆದಿಡಿ," ಎಂದರು. ತೆಗೆದರು. ಒಂದು ಬೀದಿಗೆ, ಒಂದು ಹಿತ್ತಲಿಗೆ. "ಈಗ ಬಾಗಿಲು ಹುಡುಕೋ ಕೆಲಸ ಇಲ್ಲ. ಹೋಗಬೇಕು ಅನ್ನಿಸಿದ್ರೆ ಹೋಗು, ಯಾರೂ ತಡೆಯಲ್ಲ. ಆದ್ರೆ ಪತ್ರ ಇಲ್ಲ. ಕೂತು ಕೇಳಿದ್ರೆ ಪತ್ರ. ಸಾಹೇಬ್ರೇ, ಮೊದಲಿಂದ ಹೇಳಿ."

"ಎಲ್ಲರ ಮುಂದೆನಾ?"

"ನಿನ್ನೆ ಹೇಳಿದ್ದೇ ತಾನೇ?"

ಗಾಬರಿ ಕೂತ. ಸಾಹೇಬರು ಕುರ್ಚಿ ಎಳೆದುಕೊಂಡರು. ಕೆಮ್ಮಿದರು.

"ನನಗಾಗ ಇಪ್ಪತ್ಮೂರು ವರ್ಷ. ಕೆಲಸದ ಮೊದಲನೇ ದಿನ. ಸರ್ಕಾರದ ತೂಕದ ಬಟ್ಟುಗಳ ಪೆಟ್ಟಿಗೆ ಹೊತ್ಕೊಂಡು ಮಾರುಕಟ್ಟೆಗೆ ಹೋದೆ. ಇಪ್ಪತ್ತು ಕಿಲೋ ಇತ್ತು ಪೆಟ್ಟಿಗೆ. ಕಬ್ಬಿಣದ ವ್ಯಾಪಾರಿ ಒಬ್ಬ, ಆಳು ಬಾಗಿಲಷ್ಟು ಅಗಲ. ತನ್ನ ಬಟ್ಟಿನ ಹೊಟ್ಟೇಲಿ ತೂತು ಕೊರೆದು ಮೇಣ ತುಂಬಿದ್ದ. ಹಿಡಿದೆ."

ಗಾಬರಿಯ ಕಣ್ಣು ಬೀದಿಯ ಬಾಗಿಲಿಗೆ ಹೋಯಿತು. ಅದು ತೆರೆದೇ ಇತ್ತು. ನೋಡುವಂಥದ್ದೇನೂ ಇಲ್ಲದೆ ಕಣ್ಣು ವಾಪಸು ಬಂತು.

"ಅವನು ಏನೂ ಮಾತಾಡಲಿಲ್ಲ. ಅಂಗಡಿ ಬಾಗಿಲು ಹಾಕಿದ. ಕಬ್ಬಿಣದ ಸರಳು ತಗೊಂಡ. ನನ್ನ ನಾಲಿಗೆ ಒಣಗಿಹೋಯ್ತು. ಕಾಲು ನನ್ನ ಮಾತು ಕೇಳ್ತಿಲ್ಲ. ನಿನಗೆ ಹಾಗೆ ಆಗಿದ್ಯಾ?"

ಗಾಬರಿ ಹೌದು ಎಂದು ತಲೆಯಾಡಿಸಿದ. ಈ ಸಲ ಕುತ್ತಿಗೆ ಹೇಳಿದ ಹಾಗೆ ಕೇಳಿತು. ಅವನು ಅರಿಯದೆಯೇ ಸ್ಟೂಲನ್ನು ಸ್ವಲ್ಪ ಮುಂದಕ್ಕೆ ಜರುಗಿಸಿಕೊಂಡಿದ್ದ.

"ಹಿತ್ತಲ ಕಿಟಕಿಯಿಂದ ಹಾರಿದೆ. ಪೆಟ್ಟಿಗೆ ಬಿಡೋ ಹಾಗಿಲ್ಲ, ಸರ್ಕಾರದ್ದು. ಪೆಟ್ಟಿಗೆ ತಬ್ಕೊಂಡು ಓಡ್ದೆ. ಹಿಂದೆ ಅವನು, ಅವನ ಹಿಂದೆ ಅವನ ತಮ್ಮಂದಿರು ಮೂರು ಜನ. ಎದೆ ಒಡೆದುಹೋಗುತ್ತೆ ಅನ್ನಿಸ್ತು. ಒಂದು ಮನೆ ಬಾಗಿಲು ತೆಗೆದಿತ್ತು. ಯಾರ ಮನೆಯೋ ಏನೋ, ನುಗ್ಗಿದೆ, ಚಿಲಕ ಹಾಕಿದೆ. ತಿರುಗಿ ನೋಡ್ತೀನಿ, ಒಬ್ಬ ಹುಡುಗಿ ತಲೆ ಬಾಚ್ಕೋತಾ ನಿಂತಿದಾಳೆ."

ಕೋಣೆಯ ಮೂಲೆಯಲ್ಲಿ ಬಳೆ ಸದ್ದಾಯಿತು.

"ಏನ್ರೀ?" ಎಂದರು ಸಾಹೇಬರ ಹೆಂಡತಿ. "ಅದು ನಮ್ಮ ಮನೆ."

ಸಾಹೇಬರು ಕುರ್ಚಿ ಸ್ವಲ್ಪ ಹಿಂದಕ್ಕೆ ಜರುಗಿಸಿದರು.

"ನನ್ನ ದಾರೀಲಿ ನೋಡಿ, ಹಿಂದೆ ಬಿದ್ದು, ತಡ್ಕೊಳ್ಳೋಕಾಗದೆ ಒಳಗೆ ನುಗ್ಗಿದೆ ಅಂದಿದ್ರಿ ನಮ್ಮಪ್ಪನ ಹತ್ರ. ಪೆಟ್ಟಿಗೆ ತುಂಬಾ ಉಡುಗೊರೆ ತಂದಿದೀನಿ ಅಂದಿದ್ರಿ. ನಲವತ್ತೈದು ವರ್ಷದಿಂದ ನಮ್ಮಕ್ಕಂದಿರ ಮುಂದೆ ಹೇಳ್ಕೊಂಡು ಮೆರೀತಾ ಇದೀನಿ. ಸರಳು ಹಿಡ್ಕೊಂಡು ಬಂದಿದ್ದನೇನ್ರೀ ಹಿಂದೆ?"

ನಿನ್ನೆ ಸಂಜೆ ಸ್ಟೂಲು ನೋಡಿದಾಗಲೂ ಸಾಹೇಬರ ಮುಖದಲ್ಲಿ ಇಂಥ ಭಯ ಇರಲಿಲ್ಲ ಎಂದು ಡಾಕ್ಟರು ಆಮೇಲೆ ಹೇಳಿದರು. ಸಾಹೇಬರು ಹೆಂಡತಿಯನ್ನು ನೋಡಿದರು, ಬೀದಿಯ ಬಾಗಿಲು ನೋಡಿದರು, ಹಿತ್ತಲ ಬಾಗಿಲು ನೋಡಿದರು.

ಗಾಬರಿ ಸ್ಟೂಲಿನ ತುದಿಗೆ ಬಂದು ಕೂತಿದ್ದ. "ಆಮೇಲೆ?" ಎಂದ.

ಕೂತ ಮೇಲೆ ಬಾಯಿ ಬಿಡಬಾರದು ಎಂದು ಹೇಳಲು ಮೇಲ್ವಿಚಾರಕಿ ಬೆರಳೆತ್ತಿದರು. ಎತ್ತಿದ ಬೆರಳನ್ನು ಹಾಗೇ ಗಲ್ಲಕ್ಕೆ ಊರಿಕೊಂಡು ಸಾಹೇಬರ ಕಡೆ ಬಾಗಿದರು.

ಹಿರಿಯರು ಪತ್ರಕ್ಕೆ ಸಹಿ ಹಾಕಿದರು. ಆಮೇಲೆ ಅಂಗಡಿಯವರಿಗೆ ಸನ್ನೆ ಮಾಡಿ ಎರಡೂ ಬಾಗಿಲು ಹಾಕಿಸಿದರು.